ಮೆಟ್ಟಿಲ ಕೆಳಗಿನ ಗೋಡೆ

ಕಳೆದ ಚಳಿಗಾಲದಲ್ಲಿ ಹಳೆಯ ಸಾಮಾನು ಮಾರುವ ಅಂಗಡಿಯೊಂದರಲ್ಲಿ ನನಗೊಂದು ಪೆನ್ಸಿಲ್ ಸಿಕ್ಕಿತು. ತಗಡಿನ ಡಬ್ಬಿಯಲ್ಲಿ ಗುಂಡಿಗಳು, ಬೀಗದ ಕೈಗಳು, ಕಾಲು ಮುರಿದ ಕನ್ನಡಕ ಇವುಗಳ ನಡುವೆ ಬಿದ್ದಿತ್ತು. ಒಣಗಿದ ಕಾಗದದ ಮೇಲೆ ಗೀಚಿದರೆ ಬೂದು ಬಣ್ಣದ ಗೆರೆ; ನೀರು ತಾಗಿದರೆ ಅದೇ ಗೆರೆ ಗಾಢ ನೇರಳೆಯಾಗುತ್ತದೆ. ನಮ್ಮ ಕುಂದಾಪುರದ ಕಡೆ ರೇಷನ್ ಅಂಗಡಿಯವರು, ಬಂದರು ಕಚೇರಿಯ ಗುಮಾಸ್ತರು ಇಂಥದನ್ನೇ ನಾಲಗೆಗೆ ಒತ್ತಿ ಬರೆಯುತ್ತಿದ್ದರು. ನಾನೂ ಅಭ್ಯಾಸಬಲದಿಂದ ಅಂಗಡಿಯಲ್ಲೇ ಅದನ್ನು ನಾಲಗೆಗೆ ಒತ್ತಿದೆ. ಮನೆಗೆ ಬಂದಾಗ ನನ್ನ ಹೆಂಡತಿ ಬಾಗಿಲಲ್ಲೇ ನಕ್ಕಳು.

“ಎಂತ ಮಾರಾಯ್ರೆ, ಈ ಚಳಿಯಂಗೆ ನಿಮ್ಗೆ ನೇರಳೆ ಹಣ್ಣು ಎಲ್ಲಿ ಸಿಕ್ತ್?”

ನಾನು ನಗಲಿಲ್ಲ. ಕೋಟು ಬಿಚ್ಚದೆ ಕನ್ನಡಿಯಲ್ಲಿ ನಾಲಗೆ ನೋಡಿಕೊಂಡೆ. ಆ ಬಣ್ಣವನ್ನು ನಾನು ಹದಿನಾಲ್ಕು ವರ್ಷಗಳ ಹಿಂದೆ ಪಕ್ಕದ ಮನೆಯ ಗೋಡೆಯ ಮೇಲೆ ನೋಡಿದ್ದೆ…

ಡಚ್ಚರ ಈ ಊರಿನ ನಮ್ಮ ಕನ್ನಡ ಬಳಗದ ಹುಡುಗರು, ಹಳೆಯ ಕಾಲದ ಐಂಡ್‌ಹೋವನ್ ಬಗ್ಗೆ ಏನಾದರೂ ಬರೆದುಕೊಡಿ ಅಂಕಲ್ ಎಂದು ಎರಡು ವರ್ಷಗಳಿಂದ ಕೇಳುತ್ತಿದ್ದಾರೆ. ಈಗ ಇಲ್ಲಿ ಬಸ್ಸು ಹತ್ತಿದರೆ ಕನ್ನಡ ಕಿವಿಗೆ ಬೀಳುತ್ತದೆ. ಆಗ ಹಾಗಿರಲಿಲ್ಲ, ಒಂದು ಕೊತ್ತಂಬರಿ ಕಟ್ಟಿಗೆ ಎಷ್ಟು ದೂರ ಸೈಕಲ್ ತುಳಿಯುತ್ತಿದ್ದೆವು, ಅಂಥದೇನಾದರೂ ಬರೆಯುತ್ತೇನೆಂದು ಅವರು ತಿಳಿದಿರಬೇಕು. ನಾನು ಬರೆಯುವುದು ಅದಲ್ಲ. ನಾನು ಓದಿದ್ದು ಹತ್ತನೆಯ ತರಗತಿ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಸರಕಿನ ಹಡಗಿನಲ್ಲಿ ತುಕ್ಕು ಕೆರೆದು ಬಣ್ಣ ಬಳಿಯುವ ಕೆಲಸಕ್ಕೆ ಸೇರಿ, ಕೊನೆಗೆ ರಾಟರ್‌ಡ್ಯಾಮಿನಲ್ಲಿ ಇಳಿದು ಇಲ್ಲೇ ಉಳಿದವನು ನಾನು. ಕಾಗದಪತ್ರ ಸರಿಯಾದ ಮೇಲೆ ಐಂಡ್‌ಹೋವನ್‌ಗೆ ಬಂದು ಮನೆಗಳಿಗೆ ಬಣ್ಣ ಬಳಿಯುವ ಒಬ್ಬ ಗುತ್ತಿಗೆದಾರನ ಬಳಿ ಸೇರಿದೆ. ಹೆಂಡತಿ ಊರಿಂದ ಬಂದಳು, ಮಗಳು ಹುಟ್ಟಿದಳು. ಇಟ್ಟಿಗೆಯ ಸಾಲುಮನೆಗಳ ಬೀದಿಯಲ್ಲಿ ಬಾಡಿಗೆಗೆ ಒಂದು ಮನೆ ಸಿಕ್ಕಿತು. ಪಕ್ಕದ ಮನೆಯಲ್ಲಿ ಸ್ಪೇನಿನವಳೊಬ್ಬಳು ಇದ್ದಳು.

ಅವಳ ಗಂಡ ಇಲ್ಲಿನ ಕಾರ್ಖಾನೆಗೆ ಕೆಲಸಕ್ಕೆಂದು ಬಂದವನು, ನಾವು ಬರುವ ಹೊತ್ತಿಗೆ ತೀರಿಕೊಂಡಿದ್ದ. ಅವಳೂ ಅದೇ ಕಾರ್ಖಾನೆಯಲ್ಲಿ ರೇಡಿಯೊ ಜೋಡಿಸುವ ಸಾಲಿನಲ್ಲಿ ಕೂತು ನಿವೃತ್ತಳಾಗಿದ್ದಳು. ಮಕ್ಕಳಿರಲಿಲ್ಲ. ನನಗಿಂತ ಹದಿನೆಂಟು ಇಪ್ಪತ್ತು ವರ್ಷ ದೊಡ್ಡವಳು. ಇಲ್ಲಿ ನೆರೆಹೊರೆಯವರು ಎಷ್ಟು ವರ್ಷ ಕಳೆದರೂ ಒಬ್ಬರನ್ನೊಬ್ಬರು ಬ್ಯೂರ್‌ಮನ್, ಬ್ಯೂರ್‌ವ್ರಾವ್ ಎಂದೇ ಕರೆಯುತ್ತಾರೆ. ಪಕ್ಕದ ಮನೆಯವನೇ, ಪಕ್ಕದ ಮನೆಯವಳೇ ಎಂದ ಹಾಗೆ. ನಮ್ಮ ಡಚ್ಚು ಇಬ್ಬರದೂ ಅಷ್ಟಕ್ಕಷ್ಟೆ. ಅವಳದು ವೇಗದ ಡಚ್ಚು, ನನ್ನದು ನಿಧಾನದ್ದು. ಇಪ್ಪತ್ತಾರು ವರ್ಷ ಅದರಲ್ಲೇ ಹೇಗೋ ನಡೆಯಿತು. ನನ್ನ ಹೆಂಡತಿ ಮೀನು ಸಾರು ಕೊಟ್ಟು ಕಳಿಸಿದರೆ ಪಾತ್ರೆ ಖಾಲಿ ಬರುತ್ತಿರಲಿಲ್ಲ, ಆಲಿವ್ ಎಣ್ಣೆಯಲ್ಲಿ ಕರಿದ ಏನಾದರೂ ತುಂಬಿಕೊಂಡು ಬರುತ್ತಿತ್ತು.

ಒಂದು ಸಂಜೆ ಅವಳ ಮನೆಯ ದೀಪ ಆರಿಹೋಯಿತು. ಫ್ಯೂಸು ನೋಡಲು ನನ್ನನ್ನು ಕರೆದಳು. ಇಲ್ಲಿನ ಸಾಲುಮನೆಗಳಲ್ಲಿ ಮಹಡಿಯ ಮೆಟ್ಟಿಲ ಕೆಳಗೆ ಒಂದು ಗೂಡಿರುತ್ತದೆ. ಪೊರಕೆ, ಬಕೆಟ್ಟು, ಇಸ್ತ್ರಿಯ ಹಲಗೆ ಇಡುವ ಜಾಗ. ಅವಳ ಮನೆಯ ಫ್ಯೂಸಿನ ಪೆಟ್ಟಿಗೆ ಅದರೊಳಗಿತ್ತು. ಬ್ಯಾಟರಿ ಹಿಡಿದು ಒಳಗೆ ಬಗ್ಗಿದಾಗ ಗೋಡೆ ತುಂಬ ಗೆರೆಗಳು ಕಂಡವು. ನೆಲದಿಂದ ನನ್ನ ಎದೆಯವರೆಗೆ, ಆ ತುದಿಯಿಂದ ಈ ತುದಿಗೆ. ಮೊದಲು ಕಾರ್ಖಾನೆಯ ಏನೋ ನಕ್ಷೆ ಇರಬೇಕೆಂದುಕೊಂಡೆ.

“ಅದು ಮನೆ,” ಎಂದಳು ಬೆನ್ನ ಹಿಂದಿನಿಂದ.

ಅವಳ ಊರಿನಲ್ಲಿ ಒಬ್ಬ ದೊಡ್ಡ ಬರಹಗಾರ ಇದ್ದನಂತೆ. ಆ ದೇಶದ ಶಾಲೆಯ ಮಕ್ಕಳೆಲ್ಲ ಅವನನ್ನು ಓದಿಯೇ ಬೆಳೆಯುತ್ತಾರಂತೆ. ಅವನ ಮನೆಯಲ್ಲಿ ಅವಳು ಕೆಲಸಕ್ಕಿದ್ದಳು, ಮದುವೆಯಾಗುವವರೆಗೆ ಏಳೆಂಟು ವರ್ಷ. ಅವನು ಸತ್ತ ಮೇಲೆ ಮನೆ ಮಾರಾಟವಾಯಿತು, ಸಾಮಾನುಗಳೆಲ್ಲ ಹಂಚಿಹೋದವು. ಇಲ್ಲಿಗೆ ಬಂದ ಮೊದಲ ವರ್ಷ, ಭಾಷೆ ಬಾರದೆ, ಮರೆತುಹೋದೀತೆಂಬ ಭಯಕ್ಕೆ, ಕಾರ್ಖಾನೆಯಲ್ಲಿ ಗುರುತು ಹಾಕಲು ಕೊಡುತ್ತಿದ್ದ ಪೆನ್ಸಿಲಿನಿಂದ ಆ ಮನೆಯನ್ನು ಬರೆಯತೊಡಗಿದ್ದಳು. ಗಂಡ ನಗಬಾರದೆಂದು ಈ ಗೂಡಿನೊಳಗೆ. ಆಮೇಲೆ ಏನಾದರೂ ನೆನಪಾದಾಗಲೆಲ್ಲ ಬಕೆಟ್ಟು ಸರಿಸಿ, ಸಣ್ಣ ಮಣೆಯ ಮೇಲೆ ಕೂತು, ಒಂದು ಚಮಚ, ಒಂದು ಮೊಳೆ, ಒಂದು ಹೂಕುಂಡ ಸೇರಿಸುತ್ತ ಬಂದಿದ್ದಳು. ಪ್ರತಿಯೊಂದರ ಪಕ್ಕದಲ್ಲೂ ಸ್ಪ್ಯಾನಿಷ್‌ನಲ್ಲಿ ಸಣ್ಣ ಅಕ್ಷರ.

“ಇದು ಅವರ ಮೇಜು. ಇದು ಶಾಯಿಯ ಕುಡಿಕೆ. ಇದು ಅವರು ಕೂಗಿದಾಗ ನಮಗೆ ಕೇಳಿಸಲಿ ಅಂತ ತೆರೆದಿಡುತ್ತಿದ್ದ ಕಿಟಕಿ,” ಎಂದು ಬೆರಳಿಟ್ಟು ತೋರಿಸಿದಳು. “ಎಲ್ಲರೂ ಕೇಳುವುದು ಮೇಜನ್ನೇ. ಅದಕ್ಕೇ, ಮೊದಲು ಅದನ್ನೇ ತೋರಿಸುತ್ತೇನೆ.”

ಏನಾದರೂ ಹೇಳಬೇಕಲ್ಲ ಎಂದು, ನನ್ನ ಅಮ್ಮನೂ ಒಬ್ಬ ವಕೀಲರ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು ಎಂದೆ.

“ಹಾಗಾದರೆ ನಿನಗೆ ಗೊತ್ತು,” ಎಂದು ಅವಳು ನನ್ನ ಭುಜ ತಟ್ಟಿದಳು.

ಆ ಮಾತು ನನಗೆ ಹಿಡಿಸಲಿಲ್ಲ. ಅಮ್ಮ ವಕೀಲರ ಮನೆಗೆ ಹಿತ್ತಲ ಬಾಗಿಲಿನಿಂದ ಹೋಗಿ ಹಿತ್ತಲ ಬಾಗಿಲಿನಿಂದ ಬರುತ್ತಿದ್ದಳು. ಆ ವಕೀಲರೂ ಊರಿಗೆ ದೊಡ್ಡ ಮನುಷ್ಯರೇ. ಅವರು ಸತ್ತಾಗ ಪೇಟೆಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಅವರ ಮೇಜು ಎಲ್ಲಿತ್ತು ಎಂದು ಅಮ್ಮ ಒಂದು ದಿನವಾದರೂ ಹೇಳಿದವಳಲ್ಲ. ತನ್ನನ್ನು ಬಗ್ಗಿಸಿ ದುಡಿಸಿಕೊಂಡ ಮನೆಯನ್ನು ಯಾರಾದರೂ ನಲವತ್ತು ವರ್ಷ ಗೋಡೆಯ ಮೇಲೆ ಬರೆಯುತ್ತಾರೆಯೇ ಎಂದು ನನಗನ್ನಿಸಿತು. ಫ್ಯೂಸು ಹಾಕಿ ಬಂದೆ. ಆಮೇಲೆ ಆ ಗೂಡಿನ ಮಾತು ಬಂದಾಗಲೆಲ್ಲ ನಾನು ಬೇರೆ ಮಾತು ತೆಗೆಯುತ್ತಿದ್ದೆ.

ಎಂಬತ್ತು ದಾಟಿದ ಮೇಲೆ ಅವಳು ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ನೇರವಾಗಿ ವೃದ್ಧರನ್ನು ನೋಡಿಕೊಳ್ಳುವ ಮನೆಗೆ ಸೇರಿಸಿದರು. ಇನ್ನು ಹಿಂತಿರುಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ. ಹಾಗಾಗಿ ಬಾಡಿಗೆಯ ಮನೆ ಬಿಟ್ಟುಕೊಡಬೇಕಾಯಿತು. ಈ ದೇಶದಲ್ಲಿ ಅಂಥ ಮನೆ ಬಿಡುವುದೆಂದರೆ ಬೀಗದ ಕೈ ಕೊಟ್ಟು ಹೋಗುವುದಲ್ಲ. ಪರದೆ ಇಳಿಸಬೇಕು, ನೆಲಕ್ಕೆ ಅಂಟಿಸಿದ ಹಾಸನ್ನು ಕಿತ್ತು ಸಿಮೆಂಟು ಕಾಣಿಸಬೇಕು, ಮೊಳೆ ತೆಗೆದು ತೂತು ಮುಚ್ಚಬೇಕು, ಗೋಡೆ ಬೆಳ್ಳಗಾಗಬೇಕು. ಯಾರೂ ಅಲ್ಲಿ ಬಾಳಿರಲೇ ಇಲ್ಲವೇನೋ ಎಂಬಂತೆ. ಮನೆಯ ಮಾಲೀಕ ಸಂಸ್ಥೆಯ ಆಫೀಸಿನವನು ಬಂದು ಕೋಣೆ ಕೋಣೆ ನೋಡಿ ಒಪ್ಪಿದ ಮೇಲೆ ಮುಗಿಯಿತು. ಆ ಕೆಲಸವನ್ನು ನಾನೇ ವಹಿಸಿಕೊಂಡೆ. ಅದು ನನ್ನ ಕಸುಬು. ನಾನು ಮುಗಿಸಿದ ಮನೆಯನ್ನು ತಪಾಸಣೆಯವರು ಒಮ್ಮೆಯೂ ಹಿಂದೆ ತಳ್ಳಿರಲಿಲ್ಲ.

ಅದೇ ಹೊತ್ತಿಗೆ ಅವಳ ಊರಿನಿಂದ ಪತ್ರ ಬಂತು. ಊರಿನವರು ಆ ಬರಹಗಾರನ ಮನೆಯನ್ನು ಕೊಂಡು, ದುರಸ್ತಿ ಮಾಡಿ, ಜನ ಬಂದು ನೋಡುವ ಹಾಗೆ ಸಜ್ಜು ಮಾಡುತ್ತಿದ್ದರು. ಅವಳು ತನ್ನ ಗೋಡೆಯ ಬಗ್ಗೆ ಬರೆದು ತಿಳಿಸಿದ್ದಳು. ನಕಲು ಮಾಡಿಕೊಳ್ಳಲು ಮುಂದಿನ ತಿಂಗಳು ಬರುತ್ತೇವೆ ಎಂದು ಉತ್ತರ. ತಪಾಸಣೆ ಇದ್ದುದು ಅದಕ್ಕಿಂತ ಮೂರು ವಾರ ಮೊದಲು.

ನಾನು ನೋಡಲು ಹೋದಾಗ ಅವಳು ಪತ್ರವನ್ನು ಹೊದಿಕೆಯ ಮೇಲೆ ಬಿಡಿಸಿಟ್ಟುಕೊಂಡಿದ್ದಳು. “ಒಂದು ತಿಂಗಳು ಹೆಚ್ಚು ಕೊಡಿ ಅಂತ ಆಫೀಸಿನವರನ್ನು ಕೇಳು ಬ್ಯೂರ್‌ಮನ್. ಕೊಡದೇ ಹೋದರೆ ಆ ಗೂಡೊಂದನ್ನು ಹಾಗೇ ಬಿಡು. ಅದಕ್ಕೆ ಮಾತ್ರ ಬಣ್ಣ ಹಚ್ಚಬೇಡ. ಅವರು ಬಂದು ನೋಡಲಿ.”

“ಆಯ್ತು,” ಎಂದೆ.

ನಾನು ಕೇಳಲಿಲ್ಲ. ಫೋನು ಎತ್ತಿ ಎರಡು ಮಾತು ಆಡಿದ್ದರೆ ಸಾಕಿತ್ತು. ನನ್ನ ಹೆಂಡತಿ ಹೇಳಿದಳು, “ಮಗಳ್ ಹತ್ರ ಹೇಳಿ ಒಂದ್ ಫೋಟೊ ಆದ್ರೂ ತೆಗ್ಸಿ ಇಡಿ ಮಾರಾಯ್ರೆ. ಅದ್ರಂಗೆ ನಿಮ್ಗೆ ಎಂತ ಕಷ್ಟ?” ನೋಡೋಣ ಎಂದೆ. ಅದನ್ನೂ ಮಾಡಲಿಲ್ಲ.

ಮೇಲಿನ ಕೋಣೆಗಳಾದವು, ಹಜಾರವಾಯಿತು, ಅಡುಗೆಮನೆಯಾಯಿತು. ಕೊನೆಗೆ ಗೂಡು ಉಳಿಯಿತು. ರೋಲರಿನಲ್ಲಿ ಬಿಳಿ ಬಣ್ಣ ಇನ್ನೂ ಇತ್ತು. ನಾನು ಬಾಗಿಲು ತೆರೆದು, ಮೇಜಿನ ಚಿತ್ರವಿದ್ದ ಕಡೆಯಿಂದ ಶುರುಮಾಡಿದೆ. ಸಿಟ್ಟಿನಿಂದಲೇ ಎಂದು ಹೇಳಲಾರೆ. ಕೆಲಸ ಮುಗಿಸುವವನ ಅವಸರ ಇತ್ತು. ಆದರೆ ರೋಲರು ಮೇಜಿನ ಮೇಲೆ ಹಾದಾಗ ಒಂದು ಸಮಾಧಾನವೂ ಆಯಿತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ವಕೀಲರ ಮನೆಯ ಗೋಡೆಗೇ ಬಳಿಯುತ್ತಿದ್ದೇನೆ ಅನ್ನಿಸಿತ್ತು.

ಬಣ್ಣದಲ್ಲಿ ನೀರಿತ್ತು. ಆ ಪೆನ್ಸಿಲಿಗೆ ನೀರು ತಾಗಿತು.

ಮಾರನೆಯ ಬೆಳಿಗ್ಗೆ ಬಾಗಿಲು ತೆರೆದರೆ ಗೋಡೆಯೆಲ್ಲ ನೇರಳೆ. ನಲವತ್ತು ವರ್ಷ ಬೂದಾಗಿದ್ದ ಗೆರೆಗಳು ಬಿಳಿಯ ಮೇಲೆ ಎದ್ದು ಬಂದಿದ್ದವು, ಮೊದಲಿಗಿಂತ ಸ್ಪಷ್ಟವಾಗಿ. ಅಕ್ಷರಗಳು ಕೂಡ. ಆಗ ಮೊದಲ ಬಾರಿ ಇಡೀ ಗೋಡೆಯನ್ನು ನೋಡಿದೆ. ಮೇಜು, ಕಪಾಟುಗಳು ಇದ್ದದ್ದು ಮೇಲಿನ ಒಂದು ಮೂಲೆಯಲ್ಲಿ ಅಷ್ಟೆ. ಅದರ ಕೆಳಗೆ ಒಲೆ, ನೀರಿನ ತೊಟ್ಟಿ, ಬಟ್ಟೆ ಒಗೆಯುವ ಕಲ್ಲು, ಸಣ್ಣ ಸಣ್ಣ ಏನೇನೋ. ನೆಲದ ಹತ್ತಿರ ಮೂರು ಉದ್ದನೆಯ ಚೌಕಗಳು ಒತ್ತೊತ್ತಾಗಿ, ಪ್ರತಿಯೊಂದರೊಳಗೂ ಒಂದು ಹೆಸರು. ಹಾಸಿಗೆಗಳಿರಬೇಕು ಅನ್ನಿಸಿತು. ಹೆಸರುಗಳನ್ನು ಓದುವ ಗೋಜಿಗೆ ಹೋಗಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿನ್ನೆ ತಪ್ಪಾಯಿತು, ಇವತ್ತು ಸರಿಮಾಡೋಣ ಎಂದು ಗೋಡೆಯೇ ಒಂದು ದಿನ ಕೊಟ್ಟಿತ್ತು. ನಾನು ವ್ಯಾನಿಗೆ ಹೋಗಿ, ಕಲೆ ಮೇಲೇಳದ ಹಾಗೆ ತಡೆಯುವ ಎಣ್ಣೆಯ ಪ್ರೈಮರ್ ತಂದೆ. ಅದು ಒಣಗಿದ ಮೇಲೆ ಇನ್ನೆರಡು ಸಲ ಬಿಳಿ. ಆಮೇಲೆ ಏನೂ ಎದ್ದು ಬರಲಿಲ್ಲ.

ಸೋಮವಾರ ತಪಾಸಣೆಯವನು ಬಂದ. ಎತ್ತರದ ಮನುಷ್ಯ, ಕಿವಿಯ ಹಿಂದೆ ಪೆನ್ನು. ಎಲ್ಲ ನೋಡಿ ಗುರುತು ಹಾಕಿಕೊಂಡ. ನಾನೇ ಮುಂದಾಗಿ ಗೂಡಿನ ಬಾಗಿಲು ತೆರೆದು ತೋರಿಸಿದೆ. ಅವನು ನಕ್ಕ.

“ಇದಕ್ಕೂ ಬಳಿದಿರಾ? ಮೆಟ್ಟಿಲ ಕೆಳಗೆ ಯಾರು ನೋಡುತ್ತಾರೆ ಸ್ವಾಮಿ? ನಾನಂತೂ ಇಷ್ಟು ವರ್ಷದಲ್ಲಿ ಒಂದು ಸಲವೂ ಬಗ್ಗಿ ನೋಡಿದ್ದಿಲ್ಲ. ಆದರೂ ಕೆಲಸ ಅಂದರೆ ಹೀಗಿರಬೇಕು.”

ಅವನು ನನ್ನ ಕೈ ಕುಲುಕಿದ.

ಅದಾದ ಮೇಲೆ ಹತ್ತು ಹನ್ನೆರಡು ದಿನ ಅವಳು ಚೆನ್ನಾಗಿಯೇ ಇದ್ದಳು. ಬುದ್ಧಿ ನೆಟ್ಟಗಿತ್ತು, ಕೈಯೂ ನಡುಗುತ್ತಿರಲಿಲ್ಲ. ನಾನು ಹೋಗಿ ತಪ್ಪು ಒಪ್ಪಿಕೊಂಡು, ಒಂದು ಡ್ರಾಯಿಂಗ್ ಪುಸ್ತಕ ಕೊಟ್ಟಿದ್ದರೆ, ಬೈದುಕೊಂಡೇ ಇನ್ನೊಮ್ಮೆ ಬರೆಯುತ್ತಿದ್ದಳು. ಅರ್ಧವಾದರೂ ಉಳಿಯುತ್ತಿತ್ತು. ನಾನು ಆ ಕಡೆ ಹೋಗಲೇ ಇಲ್ಲ. ಕೆಲಸ ಹೆಚ್ಚಿದೆ ಎಂದು ಹೆಂಡತಿಯ ಕೈಯಲ್ಲಿ ಸಾರು ಕಳಿಸಿದೆ.

ಆಮೇಲೆ ಅವಳಿಗೆ ಜ್ವರ ಬಂದು ಎದೆಗೆ ಇಳಿಯಿತು. ಕರೆಯುತ್ತಿದ್ದಾಳೆ ಎಂದು ತಿಳಿಸಿದಾಗ ಹೋದೆ. ಎಷ್ಟು ದಿನ ಮಲಗಿದ್ದೇನೆಂಬ ಲೆಕ್ಕ ಅವಳಿಗೆ ತಪ್ಪಿಹೋಗಿತ್ತು.

“ಬಂದಿದ್ದರಾ?” ಎಂದಳು.

“ಬಂದಿದ್ದರು. ಇಬ್ಬರು. ನಿಮ್ಮನ್ನು ನೋಡಲೂ ಬಂದಿದ್ದರು, ನೀವು ನಿದ್ದೆಯಲ್ಲಿದ್ದಿರಿ.”

“ಬರೆದುಕೊಂಡರಾ?”

“ಎಲ್ಲ ಬರೆದುಕೊಂಡರು.”

ಸ್ವಲ್ಪ ಹೊತ್ತು ಉಸಿರಿಗೆ ಒದ್ದಾಡಿದಳು. ಆಮೇಲೆ ಕಣ್ಣು ತೆರೆಯದೆ ಕೇಳಿದಳು, “ಅಡುಗೆಮನೆ? ಅಡುಗೆಮನೆಯನ್ನೂ ಬರೆದುಕೊಂಡರಾ?”

“ಅಡುಗೆಮನೆಯನ್ನೂ.”

ಅವಳ ಮುಖದಲ್ಲಿ ಆಗ ಬಂದದ್ದನ್ನು ನಾನು ಹೇಗೆ ಬರೆಯಲಿ… ಅದು ನನಗೆ ಸಲ್ಲುವುದಾಗಿರಲಿಲ್ಲ. ನನ್ನ ಕೈಯನ್ನು ಎರಡು ಸಲ ಒತ್ತಿದಳು. ಮೂರನೆಯ ದಿನ ತೀರಿಕೊಂಡಳು.

ಅವಳ ಊರಿನವರು ಹೇಳಿದ ದಿನಕ್ಕೆ ಸರಿಯಾಗಿ ಬಂದರು. ಒಬ್ಬ ಹೆಂಗಸು, ಒಬ್ಬ ಹುಡುಗ ಪ್ರಾಯದವನು, ಬಗಲಲ್ಲಿ ಸುತ್ತಿದ ಕಾಗದ. ಹೊಸ ಬಾಡಿಗೆಯವರು ಇನ್ನೂ ಬಂದಿರಲಿಲ್ಲ. ಬೀಗ ತೆಗೆಸಿಕೊಂಡು ಒಳಗೆ ಹೋದೆವು. ಆಫೀಸಿನವರು ಯಾರಿಗೂ ಹೇಳದೆ ಬಣ್ಣ ಬಳಿಸಿಬಿಟ್ಟರು ಎಂದೆ. ಹೆಂಗಸು ಗೂಡಿನೊಳಗೆ ಬಗ್ಗಿ, ಬ್ಯಾಟರಿಯನ್ನು ಅಡ್ಡಡ್ಡವಾಗಿ ಹಿಡಿದು ತುಂಬ ಹೊತ್ತು ನೋಡಿದಳು. ನಾನು ಬಳಿದ ಗೋಡೆ, ಅದರಲ್ಲಿ ಏನೂ ಕಾಣುವಂತಿರಲಿಲ್ಲ.

“ಮೇಜು, ಪುಸ್ತಕದ ಕೋಣೆ ನಮಗೆ ಬೇಕಿರಲಿಲ್ಲ,” ಎಂದಳು ಇಂಗ್ಲಿಷಿನಲ್ಲಿ, ನಿಧಾನವಾಗಿ, ನನಗೆ ಅರ್ಥವಾಗಲೆಂದು. “ಅವುಗಳ ಫೋಟೊ ಬೇಕಾದಷ್ಟಿವೆ. ಹಿಂದಿನ ಭಾಗದ್ದು ಒಂದೂ ಇಲ್ಲ. ಆಳುಗಳು ಎಲ್ಲಿ ಮಲಗುತ್ತಿದ್ದರು, ಯಾರ್‍ಯಾರು ಇದ್ದರು, ಯಾರಿಗೂ ಗೊತ್ತಿಲ್ಲ. ಆ ಮನೆಯವರು ಅದನ್ನು ಎಲ್ಲೂ ಬರೆದಿಡಲಿಲ್ಲ. ಇವರೊಬ್ಬರೇ ಬರೆದದ್ದು.”

ನಾನು ತಲೆಯಾಡಿಸಿದೆ. ದೊಡ್ಡವರ ಮನೆಯನ್ನು ಅಳಿಸಿದೆ ಎಂದುಕೊಂಡಿದ್ದೆ. ಅವರ ಮೇಜಿಗೆ ನನ್ನ ರೋಲರಿನಿಂದ ಏನೂ ಆಗಿರಲಿಲ್ಲ. ಅಳಿಸಿದ್ದು ಹಿತ್ತಲ ಬಾಗಿಲನ್ನು. ನಿನಗೆ ಗೊತ್ತು ಎಂದು ಅವಳು ಭುಜ ತಟ್ಟಿದ್ದು ಯಾತಕ್ಕೆಂದು ಆಗ ತಿಳಿಯಿತು. ತಿಳಿದೂ ನಾನು ಬಾಯಿ ಬಿಡಲಿಲ್ಲ. ಅವರಿಗೆ ಕಾಫಿ ಮಾಡಿಕೊಟ್ಟು ಕಳಿಸಿದೆ.

ನಾಲ್ಕು ವರ್ಷಗಳ ಹಿಂದೆ ಸಾಲುಮನೆಗಳ ದೊಡ್ಡ ದುರಸ್ತಿ ನಡೆಯಿತು. ಮೆಟ್ಟಿಲುಗಳ ಕೆಳಗಿನ ಗೋಡೆಗಳನ್ನು ಒಡೆದು ಬೀದಿಯ ಕಂಟೇನರಿಗೆ ಸುರಿದರು. ಬಣ್ಣ ಕೆರೆದರೆ ಕೆಳಗೆ ಇದ್ದೀತೇನೋ ಎಂದು ಅದುವರೆಗೆ ಇಟ್ಟುಕೊಂಡಿದ್ದ ಒಂದು ಆಸೆ ಅಲ್ಲಿಗೆ ಮುಗಿಯಿತು. ಸತ್ಯ ಹೇಳಿದರೆ ಆ ದಿನ ನನಗೆ ಹಗುರಾದಂತೆಯೂ ಆಗಿತ್ತು…

ಪೆನ್ಸಿಲು ಸಿಕ್ಕ ಮೇಲೆ ಹಾಗೆ ಇರಲು ಆಗಲಿಲ್ಲ. ಈ ಮೇ ತಿಂಗಳಲ್ಲಿ ಮಗಳು ನಮ್ಮಿಬ್ಬರನ್ನು ಸ್ಪೇನಿಗೆ ಕರೆದುಕೊಂಡು ಹೋದಳು. ಆ ಊರಿಗೆ ಒಂದು ದಿನ ಹೋಗೋಣ ಎಂದೆ.

“ಅಲ್ಲಿ ಬೀಚೂ ಇಲ್ಲ, ಏನೂ ಇಲ್ಲ ಅಪ್ಪಾ. ಯಾರೋ ರೈಟರ್ ಮನೆ ಅಷ್ಟೆ. ನೀವು ಯಾವಾಗ ಇದೆಲ್ಲ ಓದಿದ್ರಿ?”

“ಓದಿಲ್ಲ. ಹೋಗೋಣ.”

ಮನೆ ಚೆನ್ನಾಗಿಯೇ ಇಟ್ಟಿದ್ದಾರೆ. ಹಗ್ಗದಾಚೆ ಮೇಜು, ಶಾಯಿಯ ಕುಡಿಕೆ, ತೆರೆದ ಕಿಟಕಿ. ಜನ ಪಿಸುಗುಟ್ಟುತ್ತ ಫೋಟೊ ತೆಗೆದುಕೊಳ್ಳುತ್ತಿದ್ದರು. ಹಿಂದಿನ ಭಾಗದಲ್ಲಿ ಟಿಕೆಟ್ ಕೊಡುವ ಕಟ್ಟೆ, ಪೋಸ್ಟ್‌ಕಾರ್ಡುಗಳು, ಮೂಲೆಯಲ್ಲಿ ಕೊಡೆ ಇಡುವ ಸ್ಟ್ಯಾಂಡು. ಇದು ಮೊದಲು ಏನಾಗಿತ್ತು ಎಂದು ಮಗಳ ಕೈಯಲ್ಲಿ ಕೇಳಿಸಿದೆ. ಅಡುಗೆಮನೆ ಇರಬೇಕು, ದಾಖಲೆ ಏನೂ ಸಿಕ್ಕಿಲ್ಲ ಎಂದಳು ಕಟ್ಟೆಯ ಹಿಂದಿನ ಹುಡುಗಿ.

ಆಗ ಮಗಳಿಗೆ ಹೇಳಿದೆ, ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಇವಳಿಗೆ ಇಂಗ್ಲಿಷಿನಲ್ಲಿ ಹೇಳು ಎಂದು. ಗೋಡೆಯ ಕತೆ ಶುರುಮಾಡಿದೆ. ರೋಲರಿನವರೆಗೆ ಮಗಳು ಹೇಳಿದಳು. ಪ್ರೈಮರ್ ಬಂದಾಗ ನಿಂತಳು.

“ಆಫೀಸಿನವರು ಬಳಿದ್ರು ಅಂದಿದ್ರಿ. ನಮಗೂ ಹಾಗೇ ಅಂದಿದ್ರಿ.”

“ಸುಳ್ಳು.”

ಅವಳು ಅಮ್ಮನ ಕಡೆ ನೋಡಿದಳು. ನನ್ನ ಹೆಂಡತಿ ಪೋಸ್ಟ್‌ಕಾರ್ಡುಗಳನ್ನು ನೋಡುತ್ತಿದ್ದಳು. ಅವಳಿಗೆ ಮೊದಲಿಂದ ಗೊತ್ತಿತ್ತು ಎಂದು ನನಗೆ ಅವತ್ತು ಅರ್ಥವಾಯಿತು.

“ಇದನ್ನೂ ನಾನು ಹೇಳ್ಬೇಕಾ ಅಪ್ಪಾ?”

“ಹೇಳು. ಜ್ವರದಲ್ಲಿ ಅವಳು ಕೇಳಿದ್ದನ್ನೂ ಹೇಳು.”

ಹೇಳಿದಳು. ನನ್ನ ಕಡೆ ನೋಡದೆ ಹೇಳಿದಳು. ಹುಡುಗಿ ನನ್ನ ಮೇಲೆ ಸಿಟ್ಟಾಗಲಿಲ್ಲ. ಅವಳಿಗೆ ಅದು ತಾನು ಹುಟ್ಟುವ ಮೊದಲಿನ ಮನೆಯ, ಯಾರೋ ಇಬ್ಬರು ಮುದುಕರ ವಿಷಯ. ಒಂದು ಹಾಳೆ, ಪೆನ್ನು ಮುಂದಿಟ್ಟು, ನೆನಪಿರುವುದನ್ನು ಬರೆಯಿರಿ ಎಂದಳು.

ಬರೆದೆ. ಒಲೆ ಯಾವ ಗೋಡೆಗಿತ್ತು ಎಂದು ಖಚಿತವಿರಲಿಲ್ಲ, ಎರಡು ಕಡೆ ಬರೆದು ಪ್ರಶ್ನೆಯ ಗುರುತು ಹಾಕಿದೆ. ನೀರಿನ ತೊಟ್ಟಿ. ಒಗೆಯುವ ಕಲ್ಲು. ಅದರ ಕೆಳಗೆ ಮೂರು ಉದ್ದನೆಯ ಚೌಕ. ಐದು ನಿಮಿಷಕ್ಕೆ ಮುಗಿದುಹೋಯಿತು. ಹಾಳೆಯ ತುಂಬ ಖಾಲಿ ಜಾಗ. ಹುಡುಗಿ ಹಾಳೆಯನ್ನು ತಿರುಗಿಸಿ ನೋಡಿ, ತಾನು ನಿಂತಿದ್ದ ನೆಲವನ್ನು ನೋಡಿ, ಮೂರು ಚೌಕಗಳ ಮೇಲೆ ಬೆರಳಿಟ್ಟು ಏನೋ ಕೇಳಿದಳು.

“ಇದರಲ್ಲಿ ಅವರ ಹಾಸಿಗೆ ಯಾವುದು ಅಂತ ಕೇಳ್ತಿದಾಳೆ,” ಎಂದಳು ಮಗಳು.

ನನಗೆ ಗೊತ್ತಿರಲಿಲ್ಲ. ಅದು ಗೋಡೆಯ ಮೇಲೆ ಬರೆದಿತ್ತು.

ಕಳೆದ ವಾರ ಆ ಹುಡುಗಿಯಿಂದ ಮಿಂಚಂಚೆ ಬಂದಿದೆ. ಹಾಳೆಯನ್ನು ಕಡತದಲ್ಲಿ ಸೇರಿಸಿದ್ದಾರಂತೆ. ಮತ್ತೇನಾದರೂ ನೆನಪಾದರೆ, ಒಂದು ಹೆಸರಾದರೂ, ತಿಳಿಸಿ ಎಂದಿದ್ದಾಳೆ. ಮಗಳು ಅದನ್ನು ಓದಿ ಹೇಳಿ, ಏನು ಉತ್ತರ ಬರೆಯಲಿ ಎಂದು ಕಾಯುತ್ತಿದ್ದಾಳೆ. ದಿನವೂ ಬೆಳಿಗ್ಗೆ ಕಣ್ಣು ಮುಚ್ಚಿ ಕೂರುತ್ತೇನೆ. ಮೂರು ಚೌಕ ಬರುತ್ತವೆ, ಒಳಗೆ ಅಕ್ಷರಗಳೂ ಇರುತ್ತವೆ. ಅಲ್ಲಿಂದ ಮುಂದಕ್ಕೆ ಬಿಳಿ.